ಎಳೆಯುವ ಕೀಸುಳಿಗೆ ಸಾವಿರ ವರ್ಷ ವಯಸ್ಸಾಗಿಲ್ಲ

ಮರಗೆಲಸ ಕಲಿಯಲು ಬರುವವರಲ್ಲಿ ತಿಂಗಳಿಗೆ ಒಬ್ಬರಾದರೂ ಆನ್‌ಲೈನಿನಲ್ಲಿ ತರಿಸಿದ ಜಪಾನಿ ಕೀಸುಳಿಯನ್ನು ಬಟ್ಟೆಯಲ್ಲಿ ಸುತ್ತಿ, ಉತ್ಸವಮೂರ್ತಿಯಂತೆ ತಂದು ಮೇಜಿನ ಮೇಲಿಡುತ್ತಾರೆ. ಅದರ ಹೆಸರು ಕನ್ನ, ತಳ್ಳದೆ ಮೈಕಡೆಗೆ ಎಳೆದು ಮರ ನಯ ಮಾಡುವಂಥದ್ದು. ಗೋಡೆಗೆ ಹಾಕುವ ಕನ್ನಕ್ಕೂ ಇದಕ್ಕೂ ನಂಟಿಲ್ಲ. ಬೆಲೆ ಕೇಳಿದಾಗ ಮಾತ್ರ ನನಗೆ ಅನುಮಾನ ಬರುತ್ತದೆ. ಇಷ್ಟೇಕೆ ಎಂದರೆ, "ಸರ್, ಹೋರ್ಯೂಜಿ ದೇವಾಲಯ ಕಟ್ಟಿದ್ದು ಇದರಲ್ಲೇ. ಸಾವಿರದ ಮುನ್ನೂರು ವರ್ಷದ ಪರಂಪರೆ" ಎನ್ನುತ್ತಾರೆ.

ಅಲ್ಲ. ನೂರು ಸಲ ಹೇಳಿದ್ದೇನೆ, ಅಲ್ಲ.

ಜಪಾನಿನ ನಾರಾ ಪ್ರಾಂತದ ಹೋರ್ಯೂಜಿಯ ಈಗಿನ ಕಟ್ಟಡಗಳು 670ರ ಬೆಂಕಿಯ ನಂತರದವು. ಅವನ್ನು ಕಟ್ಟಿದ ಬಡಗಿಗಳು ಹಿನೋಕಿ ಎಂಬ ಸೈಪ್ರೆಸ್ ಜಾತಿಯ ಮರದ ದಿಮ್ಮಿಗೆ ಬೆಣೆ ಹೊಡೆದು ಸೀಳಿ, ಬಾಚಿಯಲ್ಲಿ ಕೆತ್ತಿ, ಕೊನೆಗೆ ಉದ್ದ ಹಿಡಿಯ ತುದಿಯಲ್ಲಿ ಎಲೆಯಾಕಾರದ ಅಲಗಿರುವ ಯಾರಿಗನ್ನದಿಂದ ಹೆರೆಯುತ್ತಿದ್ದರು. ಈಟಿಯಂಥ ಉಪಕರಣ ಅದು. ಮರದ ಕಟ್ಟಿನೊಳಗೆ ಅಲಗು ಕೂರುವ ಕನ್ನ ಜಪಾನಿನಲ್ಲಿ ಕಾಣಿಸಿಕೊಂಡದ್ದು ಸ್ಥೂಲವಾಗಿ 15-16ನೇ ಶತಮಾನದಲ್ಲಿ. ಕಾರಣವೂ ಇದೆ. ಬೆಣೆಗೆ ಸೀಳುವುದು ನೇರ ಎಳೆಯ ಮರ ಮಾತ್ರ. ಇಬ್ಬರು ಸೇರಿ ಎಳೆಯುವ ಓಗಾ ಗರಗಸ ಬಂದ ಮೇಲೆ ಎಳೆ ತಿರುಚಿದ ಮರದಿಂದಲೂ ಹಲಗೆ ತೆಗೆಯಬಹುದಾಯಿತು. ಅಂಥ ಹಲಗೆಯನ್ನು ಯಾರಿಗನ್ನದಲ್ಲಿ ಹೆರೆದರೆ ಎಳೆ ಕಿತ್ತುಬರುತ್ತದೆ, ಕನ್ನ ಬೇಕಾದದ್ದು ಅಲ್ಲಿ. ಯಾರಿಗನ್ನವಂತೂ ಎಷ್ಟು ಮರೆತುಹೋಯಿತೆಂದರೆ, 20ನೇ ಶತಮಾನದಲ್ಲಿ ಹೋರ್ಯೂಜಿಯ ಹಿರಿಯ ಬಡಗಿ ನಿಶಿಯೋಕಾ ಸುನೆಕಾಜು ಅದನ್ನು ಖಡ್ಗ ಮಾಡುವ ಕಮ್ಮಾರನಿಂದ ಹೊಸದಾಗಿ ಬಡಿಸಬೇಕಾಯಿತು.

ಎರಡೂ ಅಂಚಿಗೆ ಹಲ್ಲಿರುವ ರ್ಯೋಬಾ ಗರಗಸವನ್ನೂ ಪ್ರಾಚೀನವೆಂದು ತೋರಿಸುತ್ತಾರೆ. ಅದು ಮೇಜಿ ಚಕ್ರವರ್ತಿಯ ಕಾಲದ್ದು (1868-1912). ಅದು ಮನೆಮಾತಾಗುವ ಮೊದಲೇ ಬೆಂಗಳೂರಿಗೆ ರೈಲು ಬಂದಿತ್ತು.

ಕೊರಿಯಾದ ವಿಷಯಕ್ಕೆ ಬಂದರೆ ನನಗೆ ಇನ್ನೂ ಸಿಟ್ಟು. "ಅವರದೂ ಎಳೆಯುವ ಕೀಸುಳಿಯೇ, ಜಪಾನಿನ ನಕಲು" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಕೊರಿಯಾದ ಹಳೆಯ ಕೀಸುಳಿ, ದೇಪೆ, ತಳ್ಳುವಂಥದ್ದು. 18ನೇ ಶತಮಾನದ ಕಿಮ್ ಹೋಂಗ್ದೋ ಬರೆದ, ಮಾಡಿಗೆ ಹೆಂಚು ಹೊದಿಸುವ ಚಿತ್ರವನ್ನು ನೋಡಿ: ಒಬ್ಬ ಒಂದು ಕಣ್ಣು ಮುಚ್ಚಿ ತೂಗುಗುಂಡಿನಿಂದ ಕಂಬದ ನೇರ ನೋಡುತ್ತಿದ್ದರೆ, ಪಕ್ಕದಲ್ಲೊಬ್ಬ ಮೈಭಾರ ಹಾಕಿ ಕೀಸುಳಿ ತಳ್ಳುತ್ತಿದ್ದಾನೆ. ಅವರ ಗರಗಸವೂ ಬೇರೆ. ಮರದ ಚೌಕಟ್ಟಿಗೆ ಅಲಗು ಕಟ್ಟಿ, ಹಗ್ಗ ತಿರುಚಿ ಬಿಗಿ ಮಾಡುವುದು. ಎಳೆಯುವ ಉಪಕರಣಗಳು ಅಲ್ಲಿ ಬೇರೂರಿದ್ದು 1910ರಿಂದ 1945ರ ಜಪಾನಿ ಆಳ್ವಿಕೆಯಲ್ಲಿ. 2008ರಲ್ಲಿ ಸಿಯೋಲಿನ ಸುಂಗ್ನ್ಯೆಮುನ್ ಹೆಬ್ಬಾಗಿಲಿಗೆ ಒಬ್ಬ ಬೆಂಕಿ ಇಟ್ಟ. ಅದನ್ನು ಮತ್ತೆ ಕಟ್ಟುವಾಗ ಹಳೆಯ ವಿಧಾನವೇ ಬೇಕೆಂದು ಹಟ ಹಿಡಿದು, ಅಲ್ಲೇ ಕುಲುಮೆ ಹೂಡಿದರು.

ಉಪಕರಣ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ಮಸೆದ ಕನ್ನ ಹಿನೋಕಿಯ ಮೇಲೆ ಮಾಡುವ ಕೆಲಸ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ನಮ್ಮ ಸಾಗುವಾನಿಯ ಮೇಲೂ ಹಾಗೆಯೇ ನಡೆಯುತ್ತದೆಂಬ ಭರವಸೆ ಮಾತ್ರ ಕೊಡಲಾರೆ. ಮೊದಲು ಅಲಗು ಮಸೆಯಿರಿ, ಕಟ್ಟಿನ ತಳ ನೇರ ಮಾಡಿಕೊಳ್ಳಿ. ವಯಸ್ಸಿನ ಮಾತು ಆಮೇಲೆ ಆಡೋಣ.

ಕಳೆದ ವಾರ ಬಂದ ಹುಡುಗಿಯೊಬ್ಬಳು ನನ್ನ ಗೋಡೆಗೆ ತೂಗುಹಾಕಿದ್ದ ತುಕ್ಕು ಗರಗಸದ ಮೇಲೆ ಬೆರಳಾಡಿಸಿದಳು. ಹಲ್ಲು ಹಿಡಿಯ ಕಡೆಗೆ ಬಾಗಿವೆ, ಎಳೆದರೆ ಕೊಯ್ಯುತ್ತದೆ. "ಇದೂ ಜಪಾನಿನದೇ ಸರ್?" ಎಂದಳು. ನಮ್ಮ ತಾತನದಮ್ಮ, ಊರ ಕುಲುಮೆಯಲ್ಲಿ ಮಾಡಿಸಿದ್ದು ಎಂದೆ.