ವೀಲ್ ಬ್ಯಾಲೆನ್ಸಿಂಗ್ ಆದ ಮೇಲೂ ಜೀಪು ನಡುಗುವುದೇಕೆ?

ಪ್ರಶ್ನೆ: ನನ್ನದು ಪಾರ್ಟ್‌ಟೈಮ್ ಫೋರ್‌ವೀಲ್ ಡ್ರೈವ್ ಜೀಪು. ಮೂಡುಬಿದಿರೆ ಬಳಿಯ ತೋಟಕ್ಕೂ ಹೆದ್ದಾರಿಯಲ್ಲಿ ಮಂಗಳೂರು–ಉಡುಪಿ ಓಡಾಟಕ್ಕೂ ಅದನ್ನೇ ಬಳಸುತ್ತೇನೆ. ವೇಗ ಗಂಟೆಗೆ 70 ಕಿ.ಮೀ. ದಾಟಿದೊಡನೆ ಕಾಲಡಿಯ ನೆಲ, ಸೀಟು ನಡುಗತೊಡಗುತ್ತವೆ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡನ್ನೂ ಮಾಡಿಸಿದರೂ ಗುಣ ಕಾಣಲಿಲ್ಲ. ಈಗ ನಾಲ್ಕೂ ಟೈರ್ ಬದಲಿಸಲು ಹೇಳುತ್ತಿದ್ದಾರೆ. ದೋಷ ಎಲ್ಲಿದೆಯೆಂದು ತಿಳಿಯುವುದು ಹೇಗೆ? ಅಲ್ಲಿಯವರೆಗೆ ಗಾಡಿ ಓಡಿಸಬಹುದೇ?

ಉತ್ತರ: ಟೈರ್ ಕೊಳ್ಳುವುದನ್ನು ಸದ್ಯಕ್ಕೆ ತಡೆಹಿಡಿಯಿರಿ. ಮುಂದಿನ ಚಕ್ರದ ಬ್ಯಾಲೆನ್ಸ್ ತಪ್ಪಿದ್ದರೆ ನಡುಕ ಸಾಮಾನ್ಯವಾಗಿ ಮೊದಲು ಸ್ಟೀರಿಂಗ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ನೆಲ ಮತ್ತು ಸೀಟಿನಲ್ಲಿ ಬರುವ ನಡುಕಕ್ಕೆ ಹಿಂದಿನ ಚಕ್ರಗಳು ಇಲ್ಲವೇ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನ ಕಡೆಯಿಂದ ಆಕ್ಸಲ್‌ಗೆ, ಅಂದರೆ ಚಕ್ರಗಳ ಅಚ್ಚಿಗೆ, ತಿರುಗುವ ಬಲ ಒಯ್ಯುವ ಉದ್ದ ಕೊಳವೆ) ಕಾರಣವಾಗಿರುವ ಸಾಧ್ಯತೆ ಹೆಚ್ಚು. ಅಲೈನ್‌ಮೆಂಟ್ ತಪ್ಪಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ, ಟೈರ್ ಓರೆಯಾಗಿ ಸವೆಯುತ್ತದೆ. ನೀವು ಹೇಳುವ ನಡುಕಕ್ಕೆ ಅದು ನೇರ ಕಾರಣವಲ್ಲ. ಯಾವ ಬಿಡಿಭಾಗವನ್ನು ಬದಲಿಸುವ ಮೊದಲೂ ಒಂದು ಪ್ರಶ್ನೆ ಇತ್ಯರ್ಥವಾಗಬೇಕು: ನಿಮ್ಮ ಗಾಡಿಯ ನಡುಕ ಯಾವುದನ್ನು ಹಿಂಬಾಲಿಸುತ್ತದೆ, ಗಾಡಿಯ ವೇಗವನ್ನೋ, ಎಂಜಿನ್ನಿನ ವೇಗವನ್ನೋ, ಅಥವಾ ಆಕ್ಸಿಲರೇಟರ್ ಒತ್ತಿದಾಗ ಬೀಳುವ ಭಾರವನ್ನೋ? ಇದನ್ನು ತಿಳಿಯಲು ಸ್ಪ್ಯಾನರ್ ಬೇಕಿಲ್ಲ.

ಮಳೆಯಿಲ್ಲದ ದಿನ ಬೆಳಗ್ಗೆ ಬೇಗ, ವಾಹನ ವಿರಳವಾಗಿರುವಾಗ, ಹೆದ್ದಾರಿ 66ರ ನುಣುಪಾದ ನೇರ ಭಾಗವೊಂದನ್ನು ಆರಿಸಿಕೊಳ್ಳಿ. ನಡುಕ ಸ್ಪಷ್ಟವಾಗಿರುವ ವೇಗವನ್ನು ಟಾಪ್ ಗೇರಿನಲ್ಲಿ ಹಿಡಿದು, ಅದೇ ವೇಗದಲ್ಲಿ ಒಂದು ಗೇರ್ ಇಳಿಸಿ ನೋಡಿ. ಎಂಜಿನ್ ವೇಗ ಏರಿದರೂ ನಡುಕದ ಲಯ ಬದಲಾಗದಿದ್ದರೆ ಎಂಜಿನ್, ಕ್ಲಚ್, ಎಂಜಿನ್ ಮೌಂಟಿಂಗ್ ಮೂರನ್ನೂ ಸಂಶಯದಿಂದ ಕೈಬಿಡಬಹುದು. ಆಮೇಲೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು ಗಾಡಿ ತಾನಾಗಿ ಉರುಳಲು ಬಿಡಿ. ಎಂಜಿನ್ ಮಾತ್ರ ಚಾಲೂ ಇರಲೇಬೇಕು, ಇಲ್ಲವಾದರೆ ಬ್ರೇಕ್ ಮತ್ತು ಸ್ಟೀರಿಂಗಿನ ಸಹಾಯಕ ಬಲ ಕೈಕೊಡುತ್ತದೆ. ನ್ಯೂಟ್ರಲ್‌ನಲ್ಲೂ ನಡುಕ ಹಾಗೆಯೇ ಮುಂದುವರಿದರೆ ಚಕ್ರ, ಹಬ್ (ಚಕ್ರದ ನಡುಗುಂಬ) ಅಥವಾ ಶಾಫ್ಟಿನ ಅಸಮತೋಲನ ಎಂದು ತಿಳಿಯಿರಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಂದು ಬಿಟ್ಟೊಡನೆ ಮಾಯವಾಗುವುದಾದರೆ ಸವೆದ ಯೂನಿವರ್ಸಲ್ ಜಾಯಿಂಟ್ (ಶಾಫ್ಟ್ ಓರೆಯಲ್ಲೂ ತಿರುಗುವಂತೆ ಅದರ ತುದಿಯಲ್ಲಿರುವ ಕೀಲು) ಅಥವಾ ಶಾಫ್ಟಿನ ಕೋನವನ್ನು ಮೊದಲು ಸಂಶಯಿಸಬೇಕು.

ನಡುಕದ ಲಯವೂ ಬಹಳಷ್ಟನ್ನು ಹೇಳುತ್ತದೆ. ಜೀಪಿನ ಟೈರಿನ ಸುತ್ತಳತೆ ಸುಮಾರು 2.4 ಮೀಟರ್ ಎಂದಿಟ್ಟುಕೊಂಡರೆ, 80 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಒಂಬತ್ತು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗುತ್ತದೆ. ಆಕ್ಸಲ್‌ನ ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ತಿರುಗುತ್ತದೆ ಎಂಬುದು) 4ರ ಆಸುಪಾಸಿನಲ್ಲಿದ್ದರೆ ಶಾಫ್ಟ್ ಅದೇ ಸೆಕೆಂಡಿನಲ್ಲಿ ಸುಮಾರು 37 ಸುತ್ತು ತಿರುಗುತ್ತದೆ; ಜಾಯಿಂಟಿನ ಕೋನದ ದೋಷವು ಪ್ರತಿ ಸುತ್ತಿಗೆ ಎರಡು ಬಾರಿ ತಟ್ಟುವುದರಿಂದ ಅದು ಸೆಕೆಂಡಿಗೆ 74ರಷ್ಟಾಗುತ್ತದೆ. ಹೀಗಾಗಿ ಮೈಯನ್ನು ನಿಧಾನವಾಗಿ ಕುಲುಕಿಸುವ ನಡುಕ ಚಕ್ರದ್ದು. ಪಾದಕ್ಕೆ ಜುಮ್ಮೆನ್ನಿಸುವ, ಕನ್ನಡಿಯಲ್ಲಿನ ಚಿತ್ರವನ್ನು ಮಸುಕಾಗಿಸುವ, ಜೊತೆಗೆ ಗುಂಯ್ಯೆನ್ನುವ ಸದ್ದು ಹೊರಡಿಸುವ ನಡುಕ ಶಾಫ್ಟಿನದು.

ಚಕ್ರದ ಲಯವೆನಿಸಿದರೆ ರಿಮ್ಮಿನ ಒಳಬದಿಗೆ ಕೈ ಹಾಕಿ ನೋಡಿ. ತೋಟದ ತೋಡು ದಾಟಿ ಬಂದ ಗಾಡಿಗಳಲ್ಲಿ ಮುರಕಲ್ಲಿನ ಕೆಂಪು ಮಣ್ಣು ಅಲ್ಲಿ ಮುದ್ದೆಗಟ್ಟಿ ಒಣಗಿರುತ್ತದೆ, ಮತ್ತು ಅಷ್ಟು ಮಣ್ಣು ಹೊಸ ಬ್ಯಾಲೆನ್ಸಿಂಗನ್ನೂ ಕೆಡಿಸಬಲ್ಲದು. ಮನೆಯವರು ಗಲ್ಫಿನಲ್ಲಿದ್ದು ತಿಂಗಳುಗಟ್ಟಲೆ ನಿಂತೇ ಇದ್ದ ಗಾಡಿಯಾದರೆ ಟೈರ್ ನೆಲ ತಾಗಿದ ಕಡೆ ಚಪ್ಪಟೆಯಾಗಿರುತ್ತದೆ. ಕೆಲವು ಕಿಲೋಮೀಟರ್ ಓಡಿ ಟೈರ್ ಬಿಸಿಯಾದ ಮೇಲೆ ನಡುಕ ಇಳಿಯುವುದು ಇದರ ಲಕ್ಷಣ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ನಿಮ್ಮದು ಪಾರ್ಟ್‌ಟೈಮ್ ವ್ಯವಸ್ಥೆಯಾದ್ದರಿಂದ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್, ಅಂದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ, ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ಒಣಗಿದ ಡಾಂಬರು ಅಥವಾ ಕಾಂಕ್ರೀಟ್ ರಸ್ತೆಯಲ್ಲಿ ಆ ವ್ಯತ್ಯಾಸ ಜಾರಿಹೋಗಲು ಅವಕಾಶವಿಲ್ಲದೆ, ಇಡೀ ಡ್ರೈವ್‌ಲೈನ್ ಬಿಗಿದುಕೊಂಡು ಗಾಡಿ ಒದ್ದಾಡುತ್ತದೆ. ಘಾಟಿಯಲ್ಲಿ ಹಿಡಿತ ಹೆಚ್ಚಲಿ ಎಂದು 4ಎಚ್ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ಸ್ಥಾನ) ಹಾಕಿ ಮಳೆ ನಿಂತ ಮೇಲೂ ಹಾಗೆಯೇ ಓಡಿಸುವವರು ಈ ಒದ್ದಾಟವನ್ನು ದೋಷವೆಂದು ಭಾವಿಸುತ್ತಾರೆ. ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಕೊಡುವ 2ಎಚ್‌ಗೆ ಬಂದಾಗ ಅದು ಹೋಗುವುದಾದರೆ ರಿಪೇರಿ ಮಾಡುವಂಥದ್ದು ಏನೂ ಇಲ್ಲ, ಬಳಕೆ ಬದಲಾಗಬೇಕು ಅಷ್ಟೆ.

ಈಗ ಶಾಫ್ಟಿನ ಪರೀಕ್ಷೆ. ಸಮತಟ್ಟು ಜಾಗದಲ್ಲಿ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಎಂಜಿನ್ ನಿಲ್ಲಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಗಾಡಿಯಡಿ ಇಣುಕಿ. ಶಾಫ್ಟನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಚುತ್ತಾ ಜಾಯಿಂಟಿನ ಎರಡೂ ಬದಿಗಳನ್ನು ಗಮನಿಸಿ: ಒಂದು ಬದಿ ಅಲುಗಿದ ಮೇಲೆ ಇನ್ನೊಂದು ಬದಿ ತಡವಾಗಿ ಅಲುಗಿದರೆ ಕ್ರಾಸ್, ಅಂದರೆ ಅವೆರಡನ್ನೂ ಕೂಡಿಸುವ ನಾಲ್ಕು ತುದಿಯ ತುಂಡು, ಸವೆದಿದೆ. ಕ್ರಾಸ್‌ನ ನಾಲ್ಕು ತುದಿಗಳಲ್ಲಿರುವ ಬೇರಿಂಗ್ ಕಪ್ಪುಗಳ ಅಂಚನ್ನು ಟಾರ್ಚ್ ಹಾಕಿ ನೋಡಿ. ಅಲ್ಲಿ ಕಾವಿ ಬಣ್ಣದ ನಯವಾದ ಪುಡಿ ಕಂಡರೆ ಗ್ರೀಸ್ ಮುಗಿದು ಒಳಗಿನ ಸೂಜಿ ರೋಲರುಗಳು ತುಕ್ಕು ಹಿಡಿದು ಅರೆಯುತ್ತಿವೆ ಎಂದರ್ಥ. ಕರಾವಳಿಯಲ್ಲಿ ಇದು ಬೇಗ ಬರುತ್ತದೆ, ಏಕೆಂದರೆ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ತೋಡಿನ ನೀರು ಎಲ್ಲವೂ ಆ ಸಣ್ಣ ರಬ್ಬರ್ ಸೀಲುಗಳ ಮೇಲೆಯೇ ಬೀಳುತ್ತವೆ. ಗ್ರೀಸ್ ತುಂಬುವ ನಿಪ್ಪಲ್ ಇರುವ ಜಾಯಿಂಟಾದರೆ ಹಳೆಯ ಗ್ರೀಸ್ ನಾಲ್ಕೂ ಸೀಲುಗಳಿಂದ ಹೊರಬರುವವರೆಗೆ ಗ್ರೀಸ್ ಗನ್ ಹೊಡೆಯಬೇಕು. ಮೂರರಲ್ಲಿ ಮಾತ್ರ ಬಂದರೆ ನಾಲ್ಕನೆಯದು ಒಣಗಿಯೇ ಉಳಿದಿದೆ. ಆದರೆ ಕೆಂಪು ಪುಡಿ ಬಂದ ಜಾಯಿಂಟಿಗೆ ಗ್ರೀಸ್ ಹೊಡೆದು ಪ್ರಯೋಜನವಿಲ್ಲ, ಕ್ರಾಸ್ ಬದಲಿಸಬೇಕು.

ಜಾಯಿಂಟ್ ಗಟ್ಟಿಯಿದ್ದರೆ ಜೋಡಣೆಯನ್ನು ಪರಿಶೀಲಿಸಿ. ಕೋನದಲ್ಲಿ ತಿರುಗುವ ಒಂದು ಜಾಯಿಂಟ್ ಶಾಫ್ಟಿನ ವೇಗವನ್ನು ಸುತ್ತಿಗೆರಡು ಬಾರಿ ಏರಿಳಿಸುತ್ತದೆ. ಇನ್ನೊಂದು ತುದಿಯ ಜಾಯಿಂಟ್ ಅದನ್ನು ಸರಿದೂಗಿಸಬೇಕಾದರೆ ಶಾಫ್ಟಿನ ಎರಡು ತುದಿಗಳಲ್ಲಿ ಕ್ರಾಸನ್ನು ಹಿಡಿದಿರುವ ಕವಲುಗಳು ಒಂದೇ ನೇರದಲ್ಲಿರಬೇಕು ಮತ್ತು ಎರಡೂ ಕಡೆಯ ಕೋನ ಹೆಚ್ಚುಕಡಿಮೆ ಸಮನಾಗಿರಬೇಕು. ಸರ್ವಿಸ್ ವೇಳೆ ಶಾಫ್ಟಿನ ಸ್ಪ್ಲೈನನ್ನು (ಅದರ ಎರಡು ಭಾಗಗಳು ಒಂದರೊಳಗೊಂದು ಜಾರಿ ಕೂರುವ ಹಲ್ಲುಗಳ ಜೋಡಣೆ) ಬಿಚ್ಚಿ ಗುರುತು ಹಾಕದೆ ಮರುಜೋಡಿಸಿದಾಗ ಈ ನೇರ ತಪ್ಪುತ್ತದೆ. ಆದ್ದರಿಂದ ಬಿಚ್ಚುವ ಮೊದಲೇ ಎರಡೂ ಭಾಗಗಳಿಗೆ ಅಡ್ಡಲಾಗಿ ಪೇಂಟಿನ ಗೆರೆ ಎಳೆಯಬೇಕೆಂದು ನಿಮ್ಮ ಮೆಕ್ಯಾನಿಕ್‌ಗೆ ಹೇಳಿ. ಸಸ್ಪೆನ್ಷನ್ ಎತ್ತರಿಸಿದ ಜೀಪುಗಳಲ್ಲಿ ಕೋನದ್ದೇ ತೊಂದರೆ, ಅದರಲ್ಲೂ ಹಿಂದಿನ ಶಾಫ್ಟ್ ಗಿಡ್ಡವಿರುವ ಗಾಡಿಗಳಲ್ಲಿ. ಲಿಫ್ಟ್ ಕಿಟ್ ಹಾಕಿಸಿದ ಮೇಲೆ ನಡುಕ ಆರಂಭವಾಗಿದ್ದರೆ ಬೇರೆಲ್ಲೂ ಹುಡುಕಬೇಡಿ.

ಇಷ್ಟಾದರೂ ಸಂಶಯ ಉಳಿದರೆ ಫೋರ್‌ವೀಲ್ ಡ್ರೈವ್ ಗಾಡಿಯಲ್ಲಿ ಒಂದು ಅನುಕೂಲವಿದೆ: ಹಿಂದಿನ ಶಾಫ್ಟನ್ನು ಪೂರ್ತಿ ಕಳಚಿ, 4ಎಚ್ ಹಾಕಿ, ಮುಂದಿನ ಆಕ್ಸಲ್‌ನ ಬಲದಲ್ಲೇ ಅದೇ ರಸ್ತೆಯಲ್ಲಿ ಓಡಿಸಿ ನೋಡಬಹುದು. ನಡುಕ ಹೋಯಿತೆಂದರೆ ಅದರ ಮೂಲ ಆ ಶಾಫ್ಟ್ ಅಥವಾ ಅದರ ಎರಡು ತುದಿಗಳ ಜೋಡಣೆ. ಹೋಗದಿದ್ದರೆ ಹಿಂದಿನ ಶಾಫ್ಟನ್ನು ಮತ್ತೆ ಕೂರಿಸಿ, ಮುಂದಿನದನ್ನು ಕಳಚಿ 2ಎಚ್‌ನಲ್ಲಿ ನೋಡಿ. ಏಕೆಂದರೆ ಮುಂದಿನ ಚಕ್ರಗಳನ್ನು ಆಕ್ಸಲ್‌ನಿಂದ ಬಿಡಿಸುವ ಹಬ್ ವ್ಯವಸ್ಥೆಯಿಲ್ಲದ ಗಾಡಿಗಳಲ್ಲಿ ಮುಂದಿನ ಶಾಫ್ಟ್ 2ಎಚ್‌ನಲ್ಲೂ ಚಕ್ರಗಳೊಂದಿಗೆ ತಿರುಗುತ್ತಲೇ ಇರುತ್ತದೆ. ಶಾಫ್ಟ್ ಕಳಚಿ ಕೂರಿಸುವ ಕೆಲಸ ಗ್ಯಾರೇಜಿನಲ್ಲೇ ನಡೆಯಲಿ. ಹಿಂದಿನ ಶಾಫ್ಟ್ ಇಲ್ಲದ ಗಾಡಿ 2ಎಚ್‌ನಲ್ಲಿದ್ದರೆ ಗೇರ್ ಹಾಕಿದರೂ ಉರುಳುತ್ತದೆ. ಹ್ಯಾಂಡ್‌ಬ್ರೇಕ್ ಟ್ರಾನ್ಸ್‌ಫರ್ ಕೇಸಿನ (ಎರಡೂ ಆಕ್ಸಲ್‌ಗಳಿಗೆ ಬಲ ಹಂಚುವ ಪೆಟ್ಟಿಗೆ) ಹಿಂಬದಿಯಲ್ಲಿರುವ ಹಳೆಯ ಜೀಪುಗಳಲ್ಲಿ ಶಾಫ್ಟಿನೊಂದಿಗೆ ಹ್ಯಾಂಡ್‌ಬ್ರೇಕಿನ ಹಿಡಿತವೂ ಹೋಗುತ್ತದೆ. ಕೆಲವು ಗಾಡಿಗಳಲ್ಲಿ ಶಾಫ್ಟ್ ಎಳೆದೊಡನೆ ಟ್ರಾನ್ಸ್‌ಫರ್ ಕೇಸಿನ ಎಣ್ಣೆಯೂ ಸುರಿಯುತ್ತದೆ.

ದೋಷ ಶಾಫ್ಟಿನದೇ ಎಂದಾದರೆ ಅದರ ಕೊಳವೆಯಲ್ಲಿ ಕಲ್ಲು ಬಡಿದ ತಗ್ಗಿದೆಯೇ, ಸಮತೋಲನಕ್ಕೆಂದು ಬೆಸುಗೆ ಹಾಕಿದ ತೂಕದ ತುಂಡು ಕಳಚಿದ ಗುರುತಿದೆಯೇ ಎಂದು ನೋಡಿ, ಹೊಸ ಕ್ರಾಸ್ ಹಾಕಿಸಿದ ನಂತರವೇ ಬ್ಯಾಲೆನ್ಸಿಂಗ್‌ಗೆ ಕೊಡಿ.

ಓಡಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ದೋಷದ ಜಾಗವನ್ನು ಅವಲಂಬಿಸಿದೆ. ಮಣ್ಣು ಮೆತ್ತಿದ ರಿಮ್ಮಿಗೆ ನೀರು ಹೊಡೆದರೆ ಸಾಕು. ಆದರೆ ಜಾಯಿಂಟಿನಲ್ಲಿ ಸಡಿಲವಿದ್ದು, ಕ್ಲಚ್ ಬಿಡುವಾಗ ಟಕ್ಕೆಂದು ಸದ್ದು ಬರುತ್ತಿದ್ದರೆ ಗ್ಯಾರೇಜಿಗೆ ನಿಧಾನವಾಗಿ ಹೋಗುವುದನ್ನು ಬಿಟ್ಟು ಬೇರೆಲ್ಲಿಗೂ ಓಡಿಸಬೇಡಿ, ಹೆದ್ದಾರಿ ಮತ್ತು ಘಾಟಿಯಂತೂ ಬೇಡವೇ ಬೇಡ. ಓಡುವಾಗ ಮುರಿದ ಶಾಫ್ಟಿನ ಮುಂದಿನ ತುದಿ ರಸ್ತೆಗೆ ಬಿದ್ದು ನಾಟಿಕೊಂಡರೆ ಗಾಡಿಯನ್ನೇ ಎತ್ತಿಬಿಡಬಲ್ಲದು.