ಮೊಲದ ಫೋಟೊ ತೆಗೆಯುವವರಿಗೆ ಪಶುವೈದ್ಯರ ಮಾತು

ಹವ್ಯಾಸಕ್ಕೆಂದು ಕ್ಯಾಮೆರಾ ಹಿಡಿದವರ ಮನೆಯಲ್ಲಿ ಮೊಲವಿದ್ದರೆ ಮೊದಲ ಚಿತ್ರಗಳೆಲ್ಲ ಅದರದ್ದೇ ಆಗಿರುತ್ತವೆ. ತೆಗೆಯಿರಿ, ಧಾರಾಳವಾಗಿ ತೆಗೆಯಿರಿ. ಆದರೆ ಅಂಗಾತ ಮಲಗಿಸಿ ಮಾತ್ರ ಬೇಡ. ಹಾಗೆ ಮಲಗಿಸಿದ ಮೊಲ ಕದಲದೆ ಬಿದ್ದಿರುವುದು ಹಾಯಾಗಿದೆ ಎಂದಲ್ಲ. ಬೇಟೆಗಾರ ಪ್ರಾಣಿಯ ಕೈಗೆ ಸಿಕ್ಕಾಗ ಭಯದಿಂದ ಮರಗಟ್ಟುವ ಸ್ಥಿತಿ ಅದು. ಅದರಿಂದ ಎಚ್ಚೆತ್ತು ಹಿಂಗಾಲು ಝಾಡಿಸಿದರೆ ಸೊಂಟದ ಬಳಿ ಬೆನ್ನುಮೂಳೆ ಮುರಿಯಬಹುದು. ಮೊಲದ ಮೂಳೆಗಳೆಲ್ಲ ಸೇರಿದರೂ ದೇಹದ ತೂಕದ ಶೇ 7–8ರಷ್ಟೇ, ಹಿಂಗಾಲಿನ ಸ್ನಾಯುಗಳಿಗೆ ಮಾತ್ರ ವಿಪರೀತ ಬಲ. ಫೋಟೊಕ್ಕಾಗಿ ಸ್ನಾನ ಮಾಡಿಸುವುದೂ ಬೇಡ. ಒದ್ದೆಯಾದ ದಟ್ಟ ತುಪ್ಪಳ ಬೇಗ ಒಣಗದೆ ಮೈ ತಣ್ಣಗಾಗುತ್ತದೆ.

ನೀವೇ ನೆಲಕ್ಕೆ ಇಳಿಯಿರಿ. ಲೆನ್ಸ್ ಮೊಲದ ಕಣ್ಣಿನ ಮಟ್ಟದಲ್ಲಿರಲಿ. ಅದರ ಕಣ್ಣುಗಳು ತಲೆಯ ಅಕ್ಕಪಕ್ಕದಲ್ಲಿರುವುದರಿಂದ ಸುತ್ತಲೂ ಕಾಣುತ್ತದೆ, ಮೂಗಿನ ನೇರ ಮುಂದಿನ ಸ್ವಲ್ಪ ಜಾಗ ಮಾತ್ರ ಕಾಣುವುದಿಲ್ಲ. ಲೆನ್ಸನ್ನು ಅಲ್ಲಿಗೆ ಚಾಚಿದರೆ ಬೆಚ್ಚಿಬೀಳುತ್ತದೆ, ಹಾಗಾಗಿ ಓರೆಯಾಗಿ ಕೂರಬೇಕು. ಫ್ಲ್ಯಾಶ್ ಆಫ್ ಮಾಡಿ, ಕಿಟಕಿಯ ಬೆಳಕು ಬಳಸಿ. ಕೂತ ಮೊಲಕ್ಕೂ 1/250 ಸೆಕೆಂಡಿನ ಶಟರ್ ವೇಗ ಬೇಕು, ಮೂಗು ಸುಮ್ಮನಿರುವುದೇ ಇಲ್ಲ; ಓಡುವಾಗ 1/1000. ಬೆಳಕು ಸಾಲದಿದ್ದರೆ ಐಎಸ್ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿ. ಹತ್ತಿರದ ಕಣ್ಣಿಗೆ ಫೋಕಸ್ ಮಾಡಿ. ಬಿಳಿ ಮೊಲವನ್ನು ಕ್ಯಾಮೆರಾ ಬೂದುಬಣ್ಣಕ್ಕೆ ಎಳೆಯುತ್ತದೆ, ಎಕ್ಸ್‌ಪೋಷರ್ (ಚಿತ್ರಕ್ಕೆ ಸಿಗುವ ಬೆಳಕು) ಅರ್ಧದಿಂದ ಒಂದು ಸ್ಟಾಪ್ ಹೆಚ್ಚಿಸಿ; ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು. ಕಪ್ಪು ಮೊಲಕ್ಕೆ ಅಷ್ಟೇ ಇಳಿಸಿ.

ಇದೇ ಕ್ಯಾಮೆರಾದಿಂದ ಇನ್ನೊಂದು ಕೆಲಸವಾಗಲಿ. ಮೊಲ ನೋವನ್ನು ಬಚ್ಚಿಡುವ ಪ್ರಾಣಿ, ದಿನವೂ ನೋಡುವ ಕಣ್ಣಿಗೆ ನಿಧಾನದ ಬದಲಾವಣೆ ಹತ್ತುವುದಿಲ್ಲ. ವಾರಕ್ಕೊಮ್ಮೆ ಅದೇ ಜಾಗ, ಅದೇ ಬೆಳಕಿನಲ್ಲಿ ಮುಖ, ಎರಡೂ ಪಕ್ಕ, ಬಾಚಿಹಲ್ಲು, ಅಂಗಾಲು, ಹಿಂಭಾಗಗಳ ಚಿತ್ರ ತೆಗೆದು ಹಳೆಯವುಗಳ ಪಕ್ಕ ಇಟ್ಟು ನೋಡಿ. ಗದ್ದ ಒದ್ದೆಯಾಗಿದ್ದರೆ, ಒಂದೇ ಕಣ್ಣಲ್ಲಿ ನೀರು ಸುರಿಯುತ್ತಿದ್ದರೆ ಹಲ್ಲಿನ ಮೇಲೆ ಅನುಮಾನ. ಅಂಗಾಲಿನ ಕೂದಲುದುರಿ ಚರ್ಮ ಕೆಂಪಾಗಿದ್ದರೆ ಕಾರಣ ತಂತಿಯ ನೆಲವೋ, ಒದ್ದೆ ಹಾಸೋ, ಹೆಚ್ಚಿದ ತೂಕವೋ ಆಗಿರುತ್ತದೆ. ಹಿಂಭಾಗಕ್ಕೆ ಮೆತ್ತನೆಯ ಹಿಕ್ಕೆ ಅಂಟಿದ್ದರೆ ಗಮನಿಸಿ: ಮೊಲ ಗಟ್ಟಿ, ಮೆದು ಎಂದು ಎರಡು ಬಗೆಯ ಹಿಕ್ಕೆ ಹಾಕುತ್ತದೆ; ಈ ಮೆದು ಹಿಕ್ಕೆಯನ್ನು ಗುದದಿಂದಲೇ ನೇರವಾಗಿ ಬಾಯಿಂದ ತೆಗೆದು ತಿನ್ನಬೇಕು, ಬಿ ಗುಂಪಿನ ಜೀವಸತ್ವ ಮತ್ತು ಪ್ರೋಟೀನ್ ಅದರಲ್ಲಿವೆ. ಬೊಜ್ಜು, ಬೆನ್ನುನೋವು, ಪೆಲೆಟ್‌ನ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಮೇವು) ಅತಿ, ಇವುಗಳಲ್ಲಿ ಯಾವುದಿದ್ದರೂ ಹಾಗೆ ತಿನ್ನುವುದು ನಿಂತುಹೋಗುತ್ತದೆ. ಬೇಸಿಗೆಯಲ್ಲಿ ಅಲ್ಲಿ ನೊಣ ಮೊಟ್ಟೆಯಿಟ್ಟು, ಒಂದೇ ದಿನದಲ್ಲಿ ಹುಳುಗಳು ಚರ್ಮ ಕೊರೆಯತೊಡಗುತ್ತವೆ.

ಗಟ್ಟಿ ಹಿಕ್ಕೆಯ ಚಿತ್ರವೂ ಇರಲಿ, ಪಕ್ಕದಲ್ಲಿ ಅಳತೆಗೊಂದು ನಾಣ್ಯವಿಟ್ಟು. ಒಡೆದರೆ ಒಳಗೆ ಹುಲ್ಲಿನ ನಾರು ಕಾಣುವ, ದುಂಡನೆಯ, ಒಂದೇ ಗಾತ್ರದ ಹಿಕ್ಕೆ ಆರೋಗ್ಯದ ಗುರುತು. ಚಿಕ್ಕದಾಗುತ್ತಾ, ಸೊಟ್ಟಗಾಗುತ್ತಾ, ಎಣಿಕೆಯಲ್ಲಿ ಕಡಿಮೆಯಾಗುತ್ತಾ ಹೋದರೆ ಕರುಳು ನಿಧಾನವಾಗುತ್ತಿದೆ.

ಇದಕ್ಕೂ ಹಲ್ಲಿನ ತೊಂದರೆಗೂ ಸಾಮಾನ್ಯವಾಗಿ ಒಂದೇ ಮೂಲ: ಒಣಹುಲ್ಲು ಸಾಲದಿರುವುದು. ಮೊಲಕ್ಕಿರುವ 28 ಹಲ್ಲುಗಳೂ ಜೀವನಪೂರ್ತಿ ಬೆಳೆಯುತ್ತವೆ, ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿ.ಮೀ. ಹುಲ್ಲನ್ನು ಅಗಿಯುವಾಗ ದವಡೆ ಅಡ್ಡಡ್ಡ ಸರಿದು ಹಲ್ಲು ಸವೆಯುತ್ತದೆ. ಪೆಲೆಟ್ ಒಂದೆರಡು ಕಡಿತಕ್ಕೇ ಪುಡಿಯಾಗುವುದರಿಂದ ಆ ಸವೆತ ಸಿಗದು. ಆಗ ದವಡೆ ಹಲ್ಲುಗಳ ಅಂಚು ಚೂಪಾಗಿ ನಾಲಿಗೆ, ಕೆನ್ನೆಗಳನ್ನು ಕೊಯ್ಯುತ್ತದೆ. ಆದ್ದರಿಂದ ಒಣಹುಲ್ಲು ಹಗಲೂ ರಾತ್ರಿ ಮುಂದಿರಬೇಕು, ಆಹಾರದ ಶೇ 80ಕ್ಕಿಂತ ಹೆಚ್ಚು ಪಾಲು ಅದೇ ಆಗಬೇಕು. ಪೆಲೆಟ್ ದಿನಕ್ಕೆ ಪ್ರತಿ ಕಿಲೊ ತೂಕಕ್ಕೆ 25 ಗ್ರಾಂ ಮೀರದಿರಲಿ. ಕುದುರೆಮೆಂತೆ (ಆಲ್ಫಾಲ್ಫಾ ಮೇವು) ಮರಿಗಳಿಗೆ ಸರಿ. ಬೆಳೆದ ಮೊಲಕ್ಕೆ ಅದನ್ನೇ ಹಾಕುತ್ತಿದ್ದರೆ ಹೆಚ್ಚಾದ ಕ್ಯಾಲ್ಸಿಯಂ ಮೂತ್ರದಲ್ಲಿ ಕೆಸರಿನಂತೆ ಗಟ್ಟಿಯಾಗಬಹುದು. ಕ್ಯಾರೆಟ್, ಹಣ್ಣು ಚೂರು ಸಾಕು. ನೀರನ್ನು ಬಟ್ಟಲಲ್ಲಿಡಿ, ಬಾಟಲಿಗಿಂತ ಬಟ್ಟಲಿನಿಂದ ಹೆಚ್ಚು ಕುಡಿಯುತ್ತವೆ.

ಹತ್ತು-ಹನ್ನೆರಡು ಗಂಟೆ ತಿನ್ನದಿದ್ದರೆ ಅಥವಾ ಹಿಕ್ಕೆ ಹಾಕದಿದ್ದರೆ ಅದು ತುರ್ತುಸ್ಥಿತಿ, ಬೆಳಗಾಗಲಿ ಎಂದು ಕಾಯಬೇಡಿ. ಕರುಳು ನಿಂತರೆ ಒಳಗಿನದು ಒಣಗುತ್ತದೆ, ಗಾಳಿ ತುಂಬುತ್ತದೆ, ನೋವಿನಿಂದ ಮೊಲ ಇನ್ನಷ್ಟು ತಿನ್ನದಾಗುತ್ತದೆ; ಮುಂದೆ ಯಕೃತ್ತಿನಲ್ಲಿ ಕೊಬ್ಬು ಸೇರಿ ಪ್ರಾಣಕ್ಕೇ ಕುತ್ತು. ಹೊಟ್ಟೆ ಉಬ್ಬಿ ಬಿಗಿಯಾಗಿದ್ದರೆ ಬಲವಂತವಾಗಿ ತಿನ್ನಿಸಬಾರದು, ಕರುಳು ಕಟ್ಟಿಕೊಂಡಿರಬಹುದು. ಮೊಲಕ್ಕೆ ವಾಂತಿ ಮಾಡಲು ಆಗದು, ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುನ್ನವೂ ನಾಯಿ-ಬೆಕ್ಕುಗಳಂತೆ ಉಪವಾಸ ಹಾಕಬೇಕಿಲ್ಲ.

ಮನೆಯಲ್ಲಿ ಉಳಿದ ಮಾತ್ರೆ ಕೊಡಲೇಬೇಡಿ. ಅಮಾಕ್ಸಿಸಿಲಿನ್‌ನಂಥ ಪೆನ್ಸಿಲಿನ್ ಗುಂಪಿನ ಔಷಧ ಬಾಯಿಂದ ಹೋದರೆ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳು ಸತ್ತು, ವಿಷ ಹುಟ್ಟಿಸುವವು ಹೆಚ್ಚುತ್ತವೆ. ನಾಯಿಯ ಚಿಗಟಕ್ಕೆ ಹಚ್ಚುವ ಫಿಪ್ರೊನಿಲ್ ಮೊಲವನ್ನು ಕೊಲ್ಲಬಲ್ಲದು.

ವೈದ್ಯರಲ್ಲಿಗೆ ಹೋಗುವಾಗ ಮೊಬೈಲ್‌ನಲ್ಲಿ ಒಂದು ನಿಮಿಷದ ವಿಡಿಯೊ ಒಯ್ಯಿರಿ: ತಿನ್ನಲು ಹೋಗಿ ಬಿಟ್ಟುಬಿಡುವುದು, ಮುದುಡಿ ಕೂರುವುದು, ಉಸಿರಾಟ, ನಡಿಗೆ. ಹೊಸ ಜಾಗದಲ್ಲಿ ಹೆದರಿದ ಮೊಲ ಇದಾವುದನ್ನೂ ತೋರಿಸದು. ಜೊತೆಗೆ ಅಡುಗೆಮನೆಯ ತಕ್ಕಡಿಯಲ್ಲಿ ವಾರವಾರ ತೂಗಿ ಬರೆದಿಟ್ಟ ಪಟ್ಟಿಯೂ ಇರಲಿ.