ಈ ರೊಕ್ಕ ಯಾರು ಕೊಡಬೇಕು?

ತೊಗರಿ ಸುಗ್ಗಿಯಲ್ಲಿ ಕಲಬುರಗಿಯ ಕಾಳಿನ ಮಾರುಕಟ್ಟೆಯಾದ ಗಂಜ್‌ನಿಂದ ನೇರ ಬ್ಯಾಂಕಿಗೆ ಬರುವ ರೈತರ ಜೇಬು ನೋಡಬೇಕು. ಅಡತಿ (ದಲ್ಲಾಳಿ) ಅಂಗಡಿಯ ಪಟ್ಟಿ, ಮಡಚಿಟ್ಟ ಚೆಕ್ಕು, ಖರ್ಚಿಗೆಂದು ಇಸಕೊಂಡ ನಾಲ್ಕು ನೋಟು, ಖಾತೆಗೆ ಜಮೆಯಾಯಿತೆಂದು ಫೋನಿಗೆ ಬಂದ ಮೆಸೇಜು. ಅವರ ಲೆಕ್ಕದಲ್ಲಿ ಎಲ್ಲವೂ ರೊಕ್ಕವೇ. ಬ್ಯಾಂಕಿನವರಾದ ನಾವು ನೋಡುವುದು, ಅದನ್ನು ತೀರಿಸಬೇಕಾದವರು ಯಾರು ಎಂದು.

ಪಟ್ಟಿಯಲ್ಲಿ ತೂಕ, ದರ, ಹಮಾಲಿ ಎಲ್ಲ ಬರೆದು ಕೆಳಗೆ ಬಾಕಿ ತೋರಿಸಿರುತ್ತಾರೆ. ಅದು ಅಡತಿಯವರ ಸಾಲ; ಅವರು ಅಂಗಡಿ ಮುಚ್ಚಿದರೆ ನಿಮಗೆ ಉಳಿಯುವುದು ಕಾಗದ. ಚೆಕ್ಕೂ ರೊಕ್ಕವಲ್ಲ, ‘ಇವರಿಗೆ ಕೊಡಿ’ ಎಂದು ಬ್ಯಾಂಕಿಗೆ ಬರೆದ ಚೀಟಿ. ಮೂರು ತಿಂಗಳು ದಾಟಿದರೆ ನಾವದನ್ನು ಮುಟ್ಟುವುದಿಲ್ಲ. ಇನ್ನು ಖಾತೆಯಲ್ಲಿರುವುದು ಬ್ಯಾಂಕ್ ನಿಮಗೆ ಕೊಡಬೇಕಾದ ಸಾಲ. ಹೀಗೆಂದರೆ ಹಲವರು ಗಾಬರಿಯಾಗುತ್ತಾರೆ, ನಿಜವಂತೂ ಅದೇ. ಬ್ಯಾಂಕ್ ಮುಳುಗಿದರೆ ಅಸಲು, ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಉಂಟು. 2020ಕ್ಕೆ ಮೊದಲು ಅದು ಬರೀ 1 ಲಕ್ಷವಿತ್ತು. ಯುಪಿಐ ಬೇರೆ ರೊಕ್ಕವೇನಲ್ಲ, ಇದೇ ಸಾಲವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತದೆ, ಅಷ್ಟೆ.

ನೋಟು ರಿಸರ್ವ್ ಬ್ಯಾಂಕಿನ ಸಾಲ. ಅದಕ್ಕೇ ಗವರ್ನರ್ ಸಹಿ, ಕೊಡುತ್ತೇನೆಂಬ ವಚನ. 1 ರೂಪಾಯಿ ನೋಟಿನಲ್ಲಿ ಆ ವಚನ ಹುಡುಕಿ, ಸಿಗುವುದಿಲ್ಲ. ಅದು ಕೇಂದ್ರ ಸರ್ಕಾರದ್ದು, ಸಹಿ ಹಣಕಾಸು ಕಾರ್ಯದರ್ಶಿಯದು.

ಕೊಡುವವರೇ ಇಲ್ಲವಾದರೆ? ನಮ್ಮ ಭಾಗದ ಹಿರಿಯರಿಗೆ ಗೊತ್ತು. ಹಾಲಿ ಸಿಕ್ಕಾ ಎಂಬ ನಿಜಾಮರ 7 ರೂಪಾಯಿಗಳಿಗೆ ಬ್ರಿಟಿಷರ 6 ಕಲ್ದಾರ್ ರೂಪಾಯಿ ಸಿಗುತ್ತಿತ್ತು. 1948ರಲ್ಲಿ ನಿಜಾಮರ ಆಳ್ವಿಕೆ ಹೋಯಿತು, ಸಿಕ್ಕಾ ಇನ್ನೂ ಕೆಲವು ವರ್ಷ ನಡೆದು 1959ರ ಹೊತ್ತಿಗೆ ಪೂರ್ತಿ ನಿಂತಿತು. ಈಗ ಹಳೇ ಟ್ರಂಕಿನಲ್ಲಿ ಚಾರ್ಮಿನಾರ್ ಇರುವ ರೂಪಾಯಿ ಸಿಕ್ಕರೆ ಸರಾಫರು ತಕ್ಕಡಿಗೆ ಹಾಕಿ ಬೆಳ್ಳಿಯ ದರ ಹೇಳುತ್ತಾರೆ.

10 ರೂಪಾಯಿ ನಾಣ್ಯದ್ದು ಇದಕ್ಕೆ ತಿರುಗಾಮುರುಗಾ ಕಥೆ. ಸರ್ಕಾರ ಇದೆ, ಕಾನೂನಿದೆ, ಹದಿನಾಲ್ಕೂ ವಿನ್ಯಾಸದವು ನಡೆಯುತ್ತವೆಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಆದರೂ ಆಟೋದವರು, ‘ಇದು ನಡ್ಯಂಗಿಲ್ರಿ, ನೋಟ್ ಕೊಡ್ರಿ’ ಎನ್ನುತ್ತಾರೆ. ಅವರಿಗೆ ಸರ್ಕಾರದ ಮೇಲೇನೂ ಅನುಮಾನವಿಲ್ಲ; ಕಿರಾಣಿ ಅಂಗಡಿಯವರು ತಗೊಳ್ಳಲಿಕ್ಕಿಲ್ಲ ಎಂಬ ಅಂಜಿಕೆ. ಕಿರಾಣಿಯವರಿಗೆ ಗಿರಾಕಿಗಳದ್ದೇ ಅಂಜಿಕೆ. ಹೀಗಾಗಿ ಗಟ್ಟಿ ರೊಕ್ಕ ಮನೆಮನೆಯ ಡಬ್ಬಿಯಲ್ಲಿ ಕೂತಿದೆ. ತಂದು ಖಾತೆಗೆ ಕಟ್ಟಿರಿ, ಬೇಡವೆನ್ನಲು ಬ್ಯಾಂಕಿಗೆ ಬರುವುದಿಲ್ಲ. ಎಣಿಸುವ ಕ್ಯಾಷಿಯರ್ ಮುಖ ಸಿಂಡರಿಸಿದರೆ ಸಿಂಡರಿಸಲಿ.